ಬೀಳುವ ಮೇಷ್ಟ್ರು

“ಹುಡುಗ ಏನ್ ಮಾಡ್ತಾನೆ?” ಎಂದು ಅತ್ತಿಗೆಯ ಅಪ್ಪ ಕೇಳಿದಾಗ ನಮ್ಮಮ್ಮ ಕಣ್ಣು ಮಿಟುಕಿಸದೆ, “ಆಕಾಶದಲ್ಲಿ ಕೆಲಸ” ಎಂದುಬಿಟ್ಟಳು. ಪೂರ್ತಿ ಸುಳ್ಳೇನಲ್ಲ. ನಮ್ಮಣ್ಣ ಟಿವಿ ಧಾರಾವಾಹಿಯೊಂದರಲ್ಲಿ ಅಂತರಿಕ್ಷ ನೌಕೆಯ ಎಡಗಡೆ ಕುರ್ಚಿಯಲ್ಲಿ ಕೂರುತ್ತಿದ್ದ. ಆ ನೌಕೆ ಇದ್ದದ್ದು ಒಂದು ಹಳೆಯ ಗೋದಾಮಿನಲ್ಲಿ. ಪ್ಲೈವುಡ್ ಗೋಡೆ, ಅದಕ್ಕೆ ಬೆಳ್ಳಿ ಬಣ್ಣ, ಗುಂಡಿಗಳ ಬದಲು ಸೋಡಾ ಬಾಟಲಿಯ ಮುಚ್ಚಳ. ಅದು ನೆಲದಿಂದ ಒಂದು ಗೇಣು ಮೇಲೆದ್ದದ್ದನ್ನೂ ಯಾರೂ ನೋಡಿಲ್ಲ.

ಅಣ್ಣ ಮೊದಲು ಹೋದದ್ದು ಕ್ಯಾಪ್ಟನ್ ಪಾತ್ರ ಕೇಳಿಕೊಂಡು. ಕನ್ನಡಿ ಮುಂದೆ ವಾರಗಟ್ಟಲೆ ಹುಬ್ಬು ಗಂಟಿಕ್ಕುವುದನ್ನು ಅಭ್ಯಾಸ ಮಾಡಿ ನಮ್ಮೆಲ್ಲರ ತಲೆ ತಿಂದಿದ್ದ. ಅಲ್ಲಿ ಅವನ ಹುಬ್ಬನ್ನು ಕೇಳುವವರೇ ಇರಲಿಲ್ಲ. ಯಾರೋ ನಟ ಕೊನೇ ಗಳಿಗೆಯಲ್ಲಿ ಕೈಕೊಟ್ಟಿದ್ದ. ಅವನಿಗೆಂದು ಹೊಲಿಸಿದ್ದ ಬಿಗಿ ಅಂಗಿ ನಮ್ಮಣ್ಣನ ಕಡ್ಡಿ ಮೈಗೆ ಸರಿಯಾಗಿ ಹಿಡಿಯಿತು. ಅಂಗಿಯೇ ಅವನನ್ನು ಆರಿಸಿತು ಎನ್ನಬೇಕು. ಸಿಕ್ಕಿದ ಸಂಭಾಷಣೆ, “ಸರಿ, ಕ್ಯಾಪ್ಟನ್.” ವರ್ಷಗಟ್ಟಲೆ ಅದನ್ನೇ ಹೇಳಿದ, ಒಂದೊಂದು ಸಲ ಒಂದೊಂದು ರೀತಿ. ನಮಗಂತೂ ವ್ಯತ್ಯಾಸ ತಿಳಿಯಲಿಲ್ಲ.

ಅವನ ಕೈ ಹಿಡಿದದ್ದು ಉಲ್ಕೆಗಳು. ನೌಕೆಗೆ ಆಗಾಗ ಉಲ್ಕೆ ಬಡಿಯುತ್ತಿತ್ತು. ಪ್ಲೈವುಡ್ ಅಲುಗುವುದಿಲ್ಲವಲ್ಲ, ಅದಕ್ಕೇ ಒಬ್ಬ ಕ್ಯಾಮೆರಾ ಅಲ್ಲಾಡಿಸಬೇಕು, ಕೂತವರು ತಾವಾಗಿಯೇ ಬೀಳಬೇಕು. ಮೊದಲ ದಿನ ಅರ್ಧ ಜನ ಎಡಕ್ಕೆ, ಅರ್ಧ ಜನ ಬಲಕ್ಕೆ ಬಿದ್ದು ತಲೆಗೆ ತಲೆ ಡಿಕ್ಕಿ ಹೊಡೆದುಕೊಂಡರು. ನಂಬುವ ಹಾಗೆ ಬಿದ್ದವನು ಅಣ್ಣನೊಬ್ಬನೇ. ಮೊದಲು ಸೊಂಟ, ಆಮೇಲೆ ಭುಜ, ಕೊನೆಗೆ ತಲೆ. “ಎಲ್ರೂ ಅವನನ್ನ ನೋಡ್ಕೊಂಡು ಬೀಳಿ!” ಎಂದು ನಿರ್ದೇಶಕರ ಅಪ್ಪಣೆಯಾಯಿತು. ಅಂದಿನಿಂದ ಅವನು ಬೀಳುವ ಮುಂಚೆ ಸಣ್ಣಗೆ ಕೆಮ್ಮುವುದು, ಕೆಮ್ಮು ಕಿವಿಗೆ ಬಿದ್ದದ್ದೇ ಇಡೀ ನೌಕೆ ಬಲಕ್ಕೆ ಉರುಳುವುದು. ಆಮೇಲೆ ಕೆಮ್ಮು ತೆಗೆದು ಆ ಜಾಗಕ್ಕೆ ಢಂ ಎಂಬ ಸದ್ದು ಸೇರಿಸುತ್ತಿದ್ದರು.

ಹೀಗೆ ಅವನಿಗೆ ‘ಬೀಳುವ ಮೇಷ್ಟ್ರು’ ಎಂದು ಹೆಸರು ಬಿತ್ತು. ಜಟ್ಟಿ ಜಾರಿ ಬಿದ್ದರೆ ಅದೂ ಒಂದು ಪಟ್ಟು ಅನ್ನುತ್ತಾರೆ. ನಮ್ಮ ಮನೆಯಲ್ಲಿ ಆ ಒಂದೇ ಪಟ್ಟಿನಿಂದ ಮದುವೆ, ಸಂಸಾರ, ಮಕ್ಕಳ ಶಾಲೆ ಎಲ್ಲ ನಡೆಯಿತು. ಬೀದಿಯ ಮಕ್ಕಳು “ಅಂಕಲ್, ಒಂದ್ಸಲ ಬೀಳಿ” ಎಂದರೆ ಸಾಕು, ಕೈಯಲ್ಲಿನ ಚೀಲ ಸಮೇತ ಬೀಳುತ್ತಿದ್ದ. ಅತ್ತಿಗೆ ಅವನ ಕೈಯಲ್ಲಿ ಮೊಟ್ಟೆ ತರಿಸುವುದನ್ನೇ ಬಿಟ್ಟಳು.

ಊರೆಲ್ಲ ಮೆಚ್ಚಿದರೂ ಅಪ್ಪ ಮೆಚ್ಚಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದವರು ನಮ್ಮಪ್ಪನನ್ನು ನೋಡಿರಲಿಲ್ಲ. ಅಪ್ಪ ಬಸ್ ಡ್ರೈವರ್ ಆಗಿದ್ದವರು. ಅವರ ಬಸ್ಸಿನಲ್ಲಿ ನಿಂತವರೂ ಆರಾಮಾಗಿ ಪೇಪರ್ ಓದುತ್ತಿದ್ದರಂತೆ. ಯಾರೂ ಯಾರ ಮೇಲೂ ಬಿದ್ದದ್ದಿಲ್ಲ. ಅಂಥವರು ಧಾರಾವಾಹಿಯ ಮೊದಲ ಕಂತನ್ನು ನಮ್ಮ ಜೊತೆ ನೋಡಲು ಕೂತರು. ಮಗ ಎರಡನೇ ಸಲ ಉರುಳಿದ್ದೇ ಎದ್ದು ನಿಂತು, “ಅಷ್ಟಗಲ ಆಕಾಶ ಬಿದ್ದಿದೆ, ಒಂದು ಕಲ್ಲು ತಪ್ಪಿಸಕ್ಕಾಗಲ್ವಾ ಆ ಡ್ರೈವರ್‌ಗೆ?” ಎಂದು ಬೈದು ಹೊರಗೆ ಹೋದರು. ಮತ್ತೆ ಆ ಧಾರಾವಾಹಿ ನೋಡಲಿಲ್ಲ. ಪ್ರತಿ ವಾರ ಅದು ಶುರುವಾಗುವ ಹೊತ್ತಿಗೆ ಮೆಟ್ಟಿಲ ಮೇಲೆ ಕೂತು ಬೂಟಿಗೆ ಪಾಲಿಶ್ ಹಾಕುತ್ತಿದ್ದರು.

ಅಣ್ಣನೋ, ಪ್ರತಿ ವಾರ ಗೋದಾಮಿನಿಂದ ಫೋನ್ ಮಾಡುವವನು. “ಅಪ್ಪ ನೋಡಿದ್ರಾ?”

“ಹೂಂ, ನೋಡಿದ್ರು,” ಎನ್ನುತ್ತಿದ್ದಳು ಅಮ್ಮ.

“ಏನಂದ್ರು?”

“ಚೆನ್ನಾಗ್ ಬಿದ್ದ ಅಂದ್ರು.”

ಅದು ಸುಳ್ಳೆಂದು ಅವನಿಗೂ ಗೊತ್ತಿತ್ತು. ಆದರೂ ಮುಂದಿನ ವಾರ ಮತ್ತೆ ಕೇಳುತ್ತಿದ್ದ. ಅಪ್ಪನ ಬಾಯಿಂದ ಒಂದೇ ಒಂದು ಒಳ್ಳೆಯ ಮಾತು, ಅಷ್ಟೇ ಅವನಿಗೆ ಬೇಕಿದ್ದದ್ದು. ಅವನನ್ನು ರೇಗಿಸುವುದೇ ನನ್ನ ಕಸುಬಾದರೂ ಆ ಒಂದು ವಿಷಯಕ್ಕೆ ನಾನು ಕೈಹಾಕುತ್ತಿರಲಿಲ್ಲ.

ಹೀಗಿರುವಾಗ ಕ್ಯಾಪ್ಟನ್ ಪಾತ್ರಧಾರಿಗೆ ಕೆನ್ನೆ ಬಾವು ಬಂದು ಮುಖ ಕುಂಬಳಕಾಯಿಯಾಯಿತು. ಕತೆ ಬರೆಯುವವರು ಕ್ಯಾಪ್ಟನ್ನನ್ನು ಪ್ರಜ್ಞೆ ತಪ್ಪಿಸಿ ಮಲಗಿಸಿದರು. ನೌಕೆಯನ್ನು ಉಲ್ಕೆಗಳ ನಡುವಿನಿಂದ ಪಾರು ಮಾಡುವ ಭಾರ ಎಡಗಡೆ ಕುರ್ಚಿಯವನ ಮೇಲೆ ಬಿತ್ತು. ಅಣ್ಣ ಎದ್ದೆನೋ ಬಿದ್ದೆನೋ ಎಂದು ಮನೆಗೆ ಓಡಿಬಂದು, “ಅಪ್ಪ, ಈ ಸಲ ನಾನೇ ಓಡ್ಸೋದು. ಒಂದ್ಸಲ ಬಂದು ನೋಡಿ” ಎಂದ.

ಅಪ್ಪ ಮೂಗು ಮುರಿದರು. ಅಮ್ಮ ಬಿಡಲಿಲ್ಲ. “ಹೋಗ್ಬನ್ನಿ ಅಂದ್ರೆ! ಮನೇಲಿ ಕೂತು ಏನ್ ಕಡಿದು ಕಟ್ಟೆ ಹಾಕ್ತಿದೀರಾ?” ಜೊತೆಗೆ ನನ್ನನ್ನೂ ಅಟ್ಟಿದಳು. ದಾರಿಯುದ್ದಕ್ಕೂ ಅಪ್ಪ ಬಸ್ಸಿನ ಸೀಟಿನಲ್ಲಿ ಕೂತು, ಇಲ್ಲದ ಬ್ರೇಕನ್ನು ತುಳಿಯುತ್ತಾ ಬಂದರು.

ಗೋದಾಮಿನಲ್ಲಿ ಅಣ್ಣ ಕ್ಯಾಪ್ಟನ್ ಕುರ್ಚಿಯಲ್ಲಿ ಚಕ್ರ ಹಿಡಿದು ಕೂತಿದ್ದ. ಉಳಿದವರು ಅವನ ಹಿಂದಿದ್ದರು. ಉಲ್ಕೆ ಬಡಿದಾಗ ಎಲ್ಲರೂ ಬೀಳಬೇಕು, ಅವನೊಬ್ಬ ಮಾತ್ರ ಬೀಳಬಾರದು, ಇಷ್ಟೇ ದೃಶ್ಯ.

ಮೊದಲ ಸಲ ಅಣ್ಣ ಅಲುಗಾಡದೆ ಕೂತ. ಹಿಂದಿನವರೂ ಅಲುಗಾಡದೆ ಕೂತರು. ಕ್ಯಾಮೆರಾ ಮಾತ್ರ ಒದ್ದಾಡುತ್ತಿತ್ತು. ನೌಕೆಯೊಳಗೆ ಡಾಕ್ಟರ ಶಾಪಿನಲ್ಲಿ ಸರದಿ ಕಾಯುವವರ ಶಾಂತಿ.

“ಉಲ್ಕೆ ಹೊಡ್ದಿದೆ ಕಣ್ರೀ! ಯಾರಿಗೂ ಗೊತ್ತಾಗ್ಲಿಲ್ವಾ?” ಎಂದು ಕೂಗಿದರು ನಿರ್ದೇಶಕರು.

“ಮೇಷ್ಟ್ರು ಕೆಮ್ಮಲಿಲ್ಲ ಸಾರ್,” ಎಂದ ಹಿಂದಿನವನೊಬ್ಬ.

ಸರಿ, ಎರಡನೇ ಸಲ ಅಣ್ಣ ಕೆಮ್ಮಿದ. ಕೆಮ್ಮಿದ್ದೇ ತಡ, ವರ್ಷಗಳ ಅಭ್ಯಾಸ ಎಲ್ಲಿ ಹೋಗುತ್ತದೆ, ಅವನೂ ಬಿದ್ದ. ಚಕ್ರ ಕಿತ್ತುಕೊಂಡು ಅವನ ಜೊತೆಗೇ ಬಂತು. ಮೂರನೇ ಸಲವೂ ಅದೇ. ನಾನು ಬಾಯಿಗೆ ಸೆರಗು ತುರುಕಿಕೊಂಡು ಬಿದ್ದು ಬಿದ್ದು ನಕ್ಕೆ. ಆದರೆ ನಾಲ್ಕನೇ ಸಲ ಬಿದ್ದಾಗ ಅವನು ನಿರ್ದೇಶಕರನ್ನು ನೋಡಲಿಲ್ಲ, ನೆಲದಿಂದಲೇ ಅಪ್ಪನ ಕಡೆ ನೋಡಿದ. ನನಗೆ ನಗು ನಿಂತುಹೋಯಿತು.

ನಿರ್ದೇಶಕರು ಕತೆಯವರನ್ನು ಕರೆದು, “ಇನ್ನೊಂದ್ಸಲ ನೋಡ್ತೀನಿ. ಆಗ್ಲಿಲ್ಲ ಅಂದ್ರೆ ನೌಕೆ ತಾನಾಗೇ ಪಾರಾಯ್ತು ಅಂತ ಬರ್ದುಬಿಡಿ” ಎಂದರು.

ಅಪ್ಪ ನನ್ನ ಕಡೆ ಬಾಗಿ, “ಹಿಂದಿರೋರು ಮೂಳೆ ಮುರ್ಕೋತಾರೆ ಅನ್ನೋ ಭಯ ಇದ್ರೆ ತಾನೇ ಇವನು ಗಟ್ಟಿಯಾಗ್ ಕೂರೋದು? ಅವರೆಲ್ಲ ಬೀಳಕ್ಕೇ ಬಂದಿರೋರು” ಎಂದು ಗೊಣಗಿದರು. ಆಮೇಲೆ ನೆಟ್ಟಗೆ ನಿರ್ದೇಶಕರ ಹತ್ತಿರ ಹೋದರು. “ಸ್ವಾಮಿ, ಅವನ ಹಿಂದಿನ ಸೀಟಲ್ಲಿ ನಾನ್ ಕೂತ್ಕೋತೀನಿ.”

ನಿರ್ದೇಶಕರು ಬೇಡವೆನ್ನುವ ಶಕ್ತಿಯನ್ನೂ ಕಳೆದುಕೊಂಡಿದ್ದರು. ಅಪ್ಪನಿಗೆ ಬೆಳ್ಳಿ ಬಣ್ಣದ ಕೋಟು ತೊಡಿಸಿದರು. ಹೊಟ್ಟೆಯ ಹತ್ತಿರ ಗುಂಡಿ ಸೇರದೆ ಪಿನ್ನು ಚುಚ್ಚಿದರು. ಅಪ್ಪ ಹೋಗಿ ಅಣ್ಣನ ಬೆನ್ನ ಹಿಂದೆ ಕೂತರು.

“ಅಪ್ಪ, ನೀವ್ಯಾಕೆ...” ಎಂದು ಅಣ್ಣ ತಿರುಗಿದ.

“ಮುಂದೆ ನೋಡ್ಕೊಂಡು ಓಡ್ಸು. ನಾನ್ ಹಿಂದೆ ಇದೀನಿ.”

ಅಣ್ಣ ಮುಂದೆ ತಿರುಗಿದ. ಕೆಮ್ಮಿದ. ನೌಕೆಗೆ ನೌಕೆಯೇ ಬಲಕ್ಕೆ ಉರುಳಿತು. ಅಣ್ಣ ಉರುಳಲಿಲ್ಲ. ಎರಡೂ ಕೈಯಲ್ಲಿ ಚಕ್ರ ಹಿಡಿದು, ಕಣ್ಣು ದಾರಿಯ ಮೇಲಿಟ್ಟು ಕೂತೇ ಇದ್ದ. ಅಲ್ಲಿ ದಾರಿಯೇ ಇಲ್ಲ ಎಂಬುದು ನನಗೂ ಒಂದು ಕ್ಷಣ ಮರೆತುಹೋಯಿತು.

“ಕಟ್! ಓಕೆ!” ಎಂದು ನಿರ್ದೇಶಕರು ಕುಣಿದಾಡಿದರು.

ಎಲ್ಲರೂ ಎದ್ದರು, ಅಪ್ಪ ಮಾತ್ರ ಏಳಲಿಲ್ಲ. ಕುರ್ಚಿಯ ಪಕ್ಕದಲ್ಲಿ ನೆಲದ ಮೇಲೆ ಅಡ್ಡಡ್ಡ ಬಿದ್ದಿದ್ದರು. ನಾನು ಓಡುವಷ್ಟರಲ್ಲಿ ಅಣ್ಣ ಅವರ ಪಕ್ಕ ಮಂಡಿಯೂರಿದ್ದ.

ಅಪ್ಪನಿಗೆ ಏನೂ ಆಗಿರಲಿಲ್ಲ. ಅವರು ಬೇಕೆಂದೇ ಬಿದ್ದಿದ್ದರು. ಬಿದ್ದಲ್ಲಿಂದಲೇ ತಲೆಯೆತ್ತಿ, ಇಷ್ಟು ವರ್ಷದಲ್ಲಿ ನಾನೆಂದೂ ಕೇಳದ ಸಣ್ಣ ದನಿಯಲ್ಲಿ ಮಗನನ್ನು ಕೇಳಿದರು: “ಸರಿಯಾಗ್ ಬಿದ್ನೇನೋ?”

ಅಣ್ಣ ಕಣ್ಣೊರೆಸಿಕೊಂಡು, “ಸೊಂಟ ಮೊದಲು ಬರ್ಬೇಕಿತ್ತು ಅಪ್ಪ” ಎಂದ.

“ಹೌದಾ,” ಎಂದು ಅಪ್ಪ ಅವನ ಭುಜ ಹಿಡಿದು ಎದ್ದು, ಮತ್ತೆ ಅದೇ ಕುರ್ಚಿಯಲ್ಲಿ ಕೂತರು. “ಎಲ್ಲಿ, ಹೇಳ್ಕೊಡು.”