ಎರಡನೇ ಸಾಲು ಓದಿಸಿದ ಕಾಶಿಬಾಯಿ

ಕಾಶಿಬಾಯಿ ಕಾಕು ಯಾವ ಕಾಗದಕ್ಕೂ ಒಮ್ಮೆ ಕೇಳಿ ಸಹಿ ಹಾಕಿದವಳಲ್ಲ. ಊರಿಗೆಲ್ಲ ಚಿಕ್ಕಮ್ಮನಂಥ ಕಾಕು; ಓದಿದ್ದು ನಾಲ್ಕನೇ ಇಯತ್ತೆ, ನಮ್ಮೂರ ಪುರಸಭೆಯಲ್ಲಿ ನಮ್ಮ ವಾರ್ಡಿನ ಸದಸ್ಯೆ. ಗುಮಾಸ್ತ ಠರಾವು ಓದಿ ಪೆನ್ನು ಚಾಚಿದರೆ ಸೆರಗಿನೊಳಗೆ ಕೈ ಮುಚ್ಚಿಟ್ಟುಕೊಂಡು, “ಇನ್ನೊಮ್ಮೆ ಓದ್ರಿ. ಅವಸರ ಇಲ್ದಂಗ ಓದ್ರಿ” ಅನ್ನುವಳು. ಉಳಿದವರು ಚಹಾ ಮುಗಿಸಿ ಗಡಿಯಾರ ನೋಡುತ್ತಿದ್ದರು. ಮೂರನೆಯ ಓದಿಗೆ ಎಲ್ಲೋ ಒಂದು ಮಾತು ಅವಳ ಕೈಗೆ ಸಿಕ್ಕೇ ಸಿಗುತ್ತಿತ್ತು.

ನಾನಾಗ ಜೇವರ್ಗಿಯ ಕಾಲೇಜಿನಲ್ಲಿದ್ದೆ. ಚರ್ಚಾಸ್ಪರ್ಧೆಯಲ್ಲಿ ಪರ ಕೊಟ್ಟರೆ ಪರ, ವಿರೋಧ ಕೊಟ್ಟರೆ ವಿರೋಧ; ಎರಡರಲ್ಲೂ ಬಹುಮಾನ. ರಜೆಯಲ್ಲಿ ಪುರಸಭೆಯ ಹಿಂದಿನ ಬೆಂಚಿನಲ್ಲಿ ಕೂತು ದೊಡ್ಡವರ ವಾದದಲ್ಲಿ ತೂತು ಹುಡುಕುತ್ತಿದ್ದೆ. ಕಾಕುವಿನ ಮಾತಿನಲ್ಲಿ ಮಾತ್ರ ತೂತು ಸಿಗುತ್ತಿರಲಿಲ್ಲ. ಅವಳು ವಾದವನ್ನೇ ಮಾಡುತ್ತಿರಲಿಲ್ಲವಲ್ಲ.

ಆ ಬೇಸಿಗೆ ಊರಿಗೆ ಮಂಗಗಳ ಕಾಟ. ಮಾಳಿಗೆ ಮೇಲೆ ಸಂಡಿಗೆ ಉಳಿಯದು, ನೀರಿನ ಟಾಕಿಗೆ ಮುಚ್ಚಳ ಉಳಿಯದು; ಒಬ್ಬ ಮುದುಕಿಯ ಕೈ ಕಚ್ಚಿಯೂ ಆಗಿತ್ತು. ಸಭೆಯಲ್ಲಿ ಎಲ್ಲರೂ ಒಟ್ಟಿಗೆ ಕೂಗುತ್ತಿದ್ದಾಗ ಕಾಕು ಎದ್ದಳು.

“ಶನಿವಾರ ಮಾಳಿಗಿ ಮ್ಯಾಗ ಬಾಳಿಹಣ್ಣು ಇಡೋರು ಕೈ ಎತ್ರಿ.”

ಒಂದು ಕೈಯೂ ಮೇಲೇಳಲಿಲ್ಲ.

“ಅಧ್ಯಕ್ಷರ, ನಿಮ್ಮ ಮಾಳಿಗಿ ಮ್ಯಾಗಿನ ಸಿಪ್ಪಿ ನಮ್ಮ ಅಂಗಳದಾಗ ಬೀಳ್ತಾವ್ರಿ.”

“ಹನುಮಪ್ಪನ ಹರಕಿ ಅದ ಕಾಶಿಬಾಯರ” ಎನ್ನುತ್ತ ಅಧ್ಯಕ್ಷರು ಅರ್ಧ ಕೈ ಎತ್ತಿದರು.

“ಇರ್ಲಿ ಬಿಡ್ರಿ. ವಾರಕ್ಕೊಮ್ಮಿ ಊಟಕ್ಕ ಕರದು, ಉಳಿದ ಆರು ದಿನ ಕಳ್ಳ ಅಂದ್ರ ಮಂಗ್ಯಾ ಏನ್ ತಿಳ್ಕೋಬೇಕು?”

ಅರಣ್ಯ ಇಲಾಖೆಯ ಅನುಮತಿ ಪಡೆದು ಅತನೂರಿನ ಲಕ್ಷ್ಮಣನನ್ನು ಮಂಗ ಹಿಡಿಯಲು ಕರೆಸುವುದೆಂದು ಕೊನೆಗೆ ಠರಾವಾಯಿತು. ಅವನು ಹಿಂದೊಮ್ಮೆ ಬಂದು, ಬಾಡಿಗೆಗೆ ಖೋಲಿ ಸಿಗದೆ ಮರಳಿ ಹೋಗಿದ್ದ. ಬಾಗಿಲು ತೆಗೆದವರೆಲ್ಲ ಕೇಳಿದ್ದು ಒಂದೇ: “ನೀವು ಯಾವ ಮಂದಿ?” ಅವನು ಹೇಳಿದ ಕೂಡಲೇ ಖೋಲಿಗೆ ಬೇರೆ ಯಾರೋ ಬರುವವರಿರುತ್ತಿದ್ದರು. ಅದನ್ನು ಊರು ಮರೆತಿತ್ತು, ಕಾಕು ಮರೆತಿರಲಿಲ್ಲ. ಮೂರನೆಯ ಓದಿನ ನಂತರ ಎರಡನೇ ಸಾಲೊಂದನ್ನು ಬರೆಸಿದಳು: ಅವನಿಗೂ ಅವನ ಕುಟುಂಬಕ್ಕೂ ಊರೊಳಗೇ ಮನೆ ಸಿಗಬೇಕು; ಮನೆ ಕೊಡುವವರು ಜಾತಿ ಕೇಳಕೂಡದು. ಮಂಗ ಹೋದರೆ ಸಾಕೆಂದು ಎಲ್ಲರೂ ಸಹಿ ಹಾಕಿದರು.

ಹೊರಗೆ ಬಂದಮೇಲೆ ನಾನು ಬಿಡಲಿಲ್ಲ. “ಕಾಕು, ಯಾರದೋ ಸ್ವಂತ ಮನಿ ಯಾರಿಗೆ ಕೊಡಬೇಕಂತ ಹೇಳಾಕ ಪುರಸಭೆಗೆ ಅಧಿಕಾರ ಇಲ್ರಿ. ಇದು ಬರೇ ಕಾಗದ.”

“ಖರೆ ಅದ” ಅಂದಳು. “ಕಾಗದ ಇದ್ರ ಕಾಗದ ತೋರಿಸ್ತೇನಿ. ಇಲ್ಲಂದ್ರ ಬರೇ ನನ್ನ ಮಾರಿ ತೋರಿಸ್ಬೇಕಾಗ್ತದ.”

ಆ ಕಾಗದ ಹಿಡಿದು ಆರು ಮನೆ ಸುತ್ತಿ, ಏಳನೆಯದಾಗಿ ನಮ್ಮ ಮನೆಗೆ ಬಂದಳು. ನಮ್ಮ ಮೇಲಿನ ಎರಡು ಖೋಲಿ ಖಾಲಿ ಇದ್ದವು. ಹೊರಗೆ ಪಂಜರ ಹೇರಿದ ಟೆಂಪೊದಲ್ಲಿ ಲಕ್ಷ್ಮಣ, ಅವನ ಹೆಂಡತಿ, ಅವಳ ಮಡಿಲಲ್ಲಿ ಮೂರು ತಿಂಗಳ ಕೂಸು.

“ನಮ್ಮ ಅಕ್ಕನ ಮಕ್ಕಳು ಬರಾಕತ್ತಾರ” ಅಂದ ಅಪ್ಪ. ಯಾರೂ ಬರುವವರಿರಲಿಲ್ಲ.

ಕಾಕು ನನ್ನತ್ತ ತಿರುಗಿದಳು. “ನೀ ಏನಂತಿ ಬೇ?”

ನಾನು ಮೂರು ಅಂಶ ಮಂಡಿಸಿದೆ: ಖಾಸಗಿ ಆಸ್ತಿ, ಠರಾವಿನ ವ್ಯಾಪ್ತಿ, ಮಾಲೀಕನ ಹಕ್ಕು. ಎಲ್ಲೂ ತಡವರಿಸಲಿಲ್ಲ. ಹೊರಗೆ ಕೂಸು ಅಳುತ್ತಿದ್ದುದರಿಂದ ದನಿ ಸ್ವಲ್ಪ ಏರಿಸಬೇಕಾಯಿತು, ಅಷ್ಟೆ.

“ಛಂದ ಮಾತಾಡ್ತಿ” ಅಂದಳು ಕಾಕು. ದನಿಯಲ್ಲಿ ಸಿಟ್ಟಿರಲಿಲ್ಲ. ಕಾಗದ ಮಡಚಿಕೊಂಡು ಮೆಟ್ಟಿಲಿಳಿದಳು.

ತಾಯಿ-ಕೂಸನ್ನು ತನ್ನ ಮನೆಗೇ ಕರೆದೊಯ್ದಳು. ಅವಳದು ತಗಡು ಹೊದಿಸಿದ ಒಂದೇ ಖೋಲಿ. ಲಕ್ಷ್ಮಣ ಟೆಂಪೊದಲ್ಲಿ ಮಲಗಿದ. ಹನ್ನೊಂದನೆಯ ದಿನ ಆ ತಗಡಿನ ಕಾವಿಗೆ ಕೂಸಿನ ಮೈ ಸುಡತೊಡಗಿತು. ಕೆಲಸ ಅರ್ಧಕ್ಕೆ ಬಿಟ್ಟು ಅವರು ಅತನೂರಿಗೆ ಹೊರಟುಹೋದರು.

ಮುಂದಿನ ಸಭೆಯಲ್ಲಿ ಮತ್ತೆ ಗದ್ದಲ: ಅರ್ಧ ಮಂಗ ಇನ್ನೂ ಇಲ್ಲೇ ಅದಾವಲ್ಲ, ಯಾಕ? ಕಾಕು ಗುಮಾಸ್ತನಿಂದ ಹಳೆಯ ಠರಾವು ತೆಗೆಸಿದಳು. ಮೊದಲ ಸಾಲಿಗೆ ಎಲ್ಲರೂ ತಲೆಯಾಡಿಸಿದರು. “ಈಗ ಎರಡನೇದು ಓದ್ರಿ” ಅಂದಳು. ಓದಿದ. “ಇನ್ನೊಮ್ಮೆ.” ಓದಿದ. ಮೂರನೆಯ ಸಲ ಅವನು ಓದುವಾಗ ಹಿಂದಿನ ಬೆಂಚಿನಲ್ಲಿ ನಾನು ಚಪ್ಪಲಿಯ ಉಂಗುಷ್ಟ ನೋಡುತ್ತಿದ್ದೆ.

ಅವಧಿ ಮುಗಿದ ಮೇಲೆ ಕಾಕು ಆಳಂದದ ಮಗಳ ಮನೆಗೆ ಹೊರಟಳು. ಬಸ್‌ಸ್ಟ್ಯಾಂಡಿನಲ್ಲಿ ಅವಳ ಗಂಟು ಹಿಡಿದುಕೊಂಡು, ಬಹಳ ದಿನದಿಂದ ಹೊಂದಿಸಿಟ್ಟಿದ್ದನ್ನು ಹೇಳತೊಡಗಿದೆ. ಅಪ್ಪ ಅಂದದ್ದು ಸುಳ್ಳು, ನಾನು ಅಂದದ್ದು ಅದಕ್ಕಿಂತ ಕೆಟ್ಟದ್ದು, ಅದು ಯಾಕೆಂದರೆ...

“ಇದನ್ನ ನನಗ್ಯಾಕ ಹೇಳಾಕತ್ತಿ?” ಅಂದಳು. “ನನ್ನ ತಲಿ ಮ್ಯಾಗ ಸೂರು ಇತ್ತು. ಅತನೂರಿಗೆ ಬಸ್ ಅದಾವ.”

ಗಂಟು ಇಸಿದುಕೊಂಡು ಹತ್ತಿದಳು. ಕಿಟಕಿಯಿಂದ, “ಬಿಸಲಾಗ ನಿಂದರಬ್ಯಾಡ, ಹೋಗು” ಅಂತ ಕೈ ಮಾಡಿದಳು.

ಹೋದ ತಿಂಗಳು ಆಳಂದದಿಂದ ಅವಳು ತೀರಿಕೊಂಡ ಸುದ್ದಿ ಬಂತು. ಅತನೂರಿಗೆ ನಾನಿನ್ನೂ ಹೋಗಿಲ್ಲ. ಹೋಗದಿರಲು ನನ್ನ ಹತ್ತಿರ ಒಂದೂ ವಾದ ಉಳಿದಿಲ್ಲ.