ಟ್ಯಾಬಿಗೆ ಗೊತ್ತಾಗದ ಬೆರಳು

ಬಾಯಿಯವರ ಬೆರಳು ಟ್ಯಾಬಿಗೆ ಗೊತ್ತಾಗುತ್ತಿರಲಿಲ್ಲ. ಬಲಗೈಯ ತೋರುಬೆರಳಿನ ತುದಿ ಒಣಗಿ, ಬಿರಿದು, ಬಿರುಕಿನೊಳಗೆ ಕರಿಮಣ್ಣು ಕೂತು ಗಟ್ಟಿಯಾಗಿತ್ತು. ಗಾಜಿನ ಮೇಲೆ ಒತ್ತಿದರೆ ಏನೂ ಆಗುತ್ತಿರಲಿಲ್ಲ. ಇನ್ನೊಮ್ಮೆ ಒತ್ತಿದರೂ ಇಲ್ಲ. ಮೊದಲ ದಿನ ನಾನು ಚಿಕ್ಕ ಮಗುವಿಗೆ ಹೇಳುವ ದನಿಯಲ್ಲಿ, "ಮೆತ್ತಗ ಮುಟ್ಟಬೇಕ್ರಿ ಬಾಯಿ, ಒತ್ತಬಾರದು" ಎಂದೆ. ಅವರು ನನ್ನ ಮುಖವನ್ನೇ ನೋಡುತ್ತ ಬೆರಳನ್ನು ನಾಲಿಗೆಗೆ ತಾಗಿಸಿ ಮತ್ತೆ ಮುಟ್ಟಿದರು. ಟ್ಯಾಬು ಎಚ್ಚರವಾಯಿತು.

"ನನ್ ಬಟ್ಟು ಸತ್ತದಂತ ತಿಳ್ಕೊಂಡಿತ್ತೇನ್ರಿ ನಿಮ್ಮ ಮಶೀನು? ಎಂಜಲಾ ಹಚ್ಚಿದ ಮ್ಯಾಲ ಜೀವ ಅದ ಅಂತ ಗೊತ್ತಾತು ನೋಡ್ರಿ" ಎಂದು ಅದನ್ನು ಎಂಜಲಿನ ಸಮೇತ ನನ್ನ ಕೈಗೆ ಕೊಟ್ಟರು. ನಾನು ಕರ್ಚೀಫಿನಿಂದ ಒರೆಸಿಕೊಂಡೆ.

ನಮ್ಮ ಬೀದರ ಕಡೆ ಟೀಚರಮ್ಮನಿಗೆ ಬಾಯಿ ಎನ್ನುತ್ತಾರೆ. ಇವರ ವಿಷಯದಲ್ಲಿ ಆ ಮಾತು ಎರಡೂ ಅರ್ಥಕ್ಕೆ ಸಲ್ಲುತ್ತಿತ್ತು. ಔರಾದ ತಾಲೂಕಿನಲ್ಲಿ, ಡಾಬಕಾದಿಂದ ಇನ್ನೂ ಮುಂದೆ, ಮಹಾರಾಷ್ಟ್ರಕ್ಕೆ ಅಂಟಿಕೊಂಡ ಒಂದು ಹಳ್ಳಿಯ ಅಂಗನವಾಡಿ ಅವರದು. ನಾನು ಭಾಲ್ಕಿಯವನು. ಬೀದರಿನಲ್ಲಿ ಡಿಗ್ರಿ ಮುಗಿಸಿ, ಅಂಗನವಾಡಿಗಳಿಗೆ ಟ್ಯಾಬು ಹಂಚುತ್ತಿದ್ದ ಒಂದು ಸಂಸ್ಥೆಗೆ ಸೇರಿದ್ದೆ. ಸಂಸ್ಥೆಯ ಹೆಸರು ಹೇಳುವುದಿಲ್ಲ. ಹೇಳಿದರೆ ಅದನ್ನೂ ಪ್ರಚಾರ ಅಂದುಕೊಳ್ಳುವ ಜನ ಅವರು. ತರಬೇತಿ ಮೂರು ದಿನ ನಡೆಯಿತು. ದೊಡ್ಡ ದೊಡ್ಡವರನ್ನು ನೆಲದ ಮೇಲೆ ಕೂಡಿಸಿ ಚಪ್ಪಾಳೆ ತಟ್ಟಿಸಿದರು, ಮೊಲದ ಹಾಗೆ ಜಿಗಿಸಿದರು, ಮಗು ಆಟದಿಂದ ಕಲಿಯುತ್ತದೆ ಎಂಬುದನ್ನು ಆಗಷ್ಟೇ ಕಂಡುಹಿಡಿದವರಂತೆ ಹೇಳಿದರು. ನಾನು ಎಲ್ಲರಿಗಿಂತ ಎತ್ತರ ಜಿಗಿದೆ. ಅದಕ್ಕೇ ಇರಬೇಕು, ನನ್ನನ್ನು ಔರಾದ ಭಾಗಕ್ಕೆ ಸಂಯೋಜಕ ಎಂದು ಮಾಡಿದರು.

ಟ್ಯಾಬಿನ ಜೊತೆ ಒಂದು ಚಟುವಟಿಕೆ ಪೆಟ್ಟಿಗೆಯೂ ಇತ್ತು. ಮಕ್ಕಳು ಕೈಯಾರೆ ಮಾಡಿ ಕಲಿಯಲಿ ಎಂದು ಕೊಟ್ಟದ್ದು. ಅದರಲ್ಲಿ ಥರ್ಮಾಕೋಲಿನ ಮೀನುಗಳು, ಮಿಂಚುವ ಕಾಗದ, ಐಸ್‌ಕ್ರೀಮ್ ಕಡ್ಡಿಗಳು, ಸಮುದ್ರ ಮಾಡಲು ದೊಡ್ಡದೊಂದು ನೀಲಿ ಹಾಳೆ. ಎರಡು ವರ್ಷದಿಂದ ಮಳೆ ಇಲ್ಲದೆ, ವಾರಕ್ಕೆರಡು ಸಲ ಟ್ಯಾಂಕರ್ ಬಂದರೆ ಅದೇ ಪುಣ್ಯ ಎನ್ನುತ್ತಿದ್ದ ಊರಿಗೆ ಸಮುದ್ರದ ಹಾಳೆ. ಬಾಯಿಯವರು ಅದನ್ನು ನೆಲದ ಮೇಲೆ ಹಾಸಿ, ಸುತ್ತ ಒಂದು ಸುತ್ತು ನಡೆದು ನೋಡಿದರು.

"ಇದ್ರಾಗ ಎಷ್ಟ್ ಕೊಡ ಹಿಡಿತಾವ್ರಿ ಸರ್?"

ಅವರದೇ ಒಂದು ಪೆಟ್ಟಿಗೆ ಇತ್ತು, ಹಳೆಯ ಎಣ್ಣೆ ಡಬ್ಬಿ. ಹುಣಸೆ ಬೀಜ, ಜೋಳ, ತೊಗರಿ, ಕುಸುಬಿ, ಒಡೆದ ಬಳೆಯ ಚೂರು, ಕುರಿಯ ಉಣ್ಣೆ. ಮಕ್ಕಳು ಅದನ್ನೆಲ್ಲ ಮೊರದಲ್ಲಿ ಹರವಿಕೊಂಡು ಬೇರೆ ಬೇರೆ ಮಾಡಬೇಕು, ಎಣಿಸಬೇಕು, ಸಾಲು ಹಚ್ಚಬೇಕು. ಮಣ್ಣಿನ ಕೆಲಸಕ್ಕೆ ನೀರು ಬೇಕಲ್ಲ, ಊಟಕ್ಕೆ ಮುಂಚೆ ಮಕ್ಕಳು ಕೈ ತೊಳೆದ ನೀರನ್ನು ಒಂದು ಬಕೆಟಿನಲ್ಲಿ ಹಿಡಿದು, ಒಣಗಿದ ಕೆರೆಯಿಂದ ತಂದ ಮಣ್ಣನ್ನು ಅದರಲ್ಲೇ ನೆನೆಸುತ್ತಿದ್ದರು. ಅವರ ಬೆರಳಿನ ಬಿರುಕಿನಲ್ಲಿದ್ದದ್ದು ಆ ಮಣ್ಣು. ಇದನ್ನೆಲ್ಲ ಅವರು ಯಾವ ಹೆಸರಿನಿಂದಲೂ ಕರೆಯುತ್ತಿರಲಿಲ್ಲ. ನಾನು ವರದಿಯಲ್ಲಿ "ಸ್ಥಳೀಯ ಸಾಮಗ್ರಿಗಳ ಅಸಂಘಟಿತ ಬಳಕೆ" ಎಂದು ಬರೆದೆ. ಈಗ ನೆನೆದರೆ ಆ ಅಸಂಘಟಿತ ಎಂಬ ಪದಕ್ಕೆ ನನ್ನ ಕಿವಿ ನಾನೇ ಹಿಂಡಿಕೊಳ್ಳಬೇಕು ಅನ್ನಿಸುತ್ತದೆ.

ಅವರು ದೇವತೆಯೇನೂ ಅಲ್ಲ. ಅಡುಗೆ ಮಾಡುವ ಆಯಾಳನ್ನು ಇಡೀ ದಿನ ಬೈಯುತ್ತಿದ್ದರು. ಯಾವ ಮಗುವನ್ನೂ ಶಾಭಾಸ್ ಎಂದದ್ದು ನಾನು ಕೇಳಿಲ್ಲ. ಸರಿಯಾಗಿ ಮಾಡಿದರೆ "ಹಾಂ, ಮುಂದ" ಅಷ್ಟೇ. ಮಧ್ಯಾಹ್ನ ಮಕ್ಕಳು ಮಲಗಿದಾಗ ಅದೇ ಟ್ಯಾಬಿನಲ್ಲಿ ಮರಾಠಿ ಧಾರಾವಾಹಿ ನೋಡಿ, ನಾನು ಮೋಟಾರ್ ಸೈಕಲ್ ನಿಲ್ಲಿಸುವ ಸದ್ದಾದರೆ ಅದನ್ನು ಸೆರಗಿನಡಿ ಸೇರಿಸುತ್ತಿದ್ದರು. ಕೇಳಿದರೆ, "ಚಾರ್ಜ್ ನಿಲ್ತದೋ ಇಲ್ಲೋ ನೋಡ್ಲತ್ತಿದ್ದೆ" ಎನ್ನುತ್ತಿದ್ದರು.

ಟ್ಯಾಬಿನಲ್ಲಿ ಮಾತಾಡುತ್ತಿದ್ದದ್ದು ಯಾರೋ ಜೇನು ಕುಡಿದ ಹುಡುಗಿ. "ಅಜ್ಜಿ ಎಲ್ಲಿ? ಮುಟ್ಟಿ ತೋರಿಸು ಪುಟ್ಟಾ!" ಎನ್ನುವಳು. ಪರದೆಯ ಮೇಲೆ ನಾಲ್ಕು ಚಿತ್ರ: ಬಿಳಿ ಕೂದಲಿನ ಮುದುಕಿ, ಸೀರೆಯ ಹೆಂಗಸು, ಮೀಸೆಯ ಗಂಡಸು, ಒಬ್ಬ ಹುಡುಗ. ಬೀದರಿನ ಮಕ್ಕಳಿಗೆ ಈ ಭಾಷೆ ಹತ್ತುವುದಿಲ್ಲ ಎಂದು ಮೀಟಿಂಗಿನಲ್ಲಿ ನಾನೇ ಎದ್ದು ನಿಂತು ಹೇಳಿದೆ. ಹಾಗಾದರೆ ನೀವೇ ನಿಮ್ಮ ಮಾತಿನಲ್ಲಿ ಓದಿಕೊಡಿ ಎಂದರು. ನಾನು ಉಬ್ಬಿಹೋದೆ. ನಮ್ಮ ಮನೆಯಲ್ಲಿ ಅಜ್ಜಿಗೆ ಆಯಿ ಎನ್ನುತ್ತೇವೆ. ಫೋನನ್ನು ಬಾಯಿಗೆ ಹಿಡಿದು, ಬಲು ಹಮ್ಮಿನಿಂದ, "ನಿನ್ ಆಯಿ ಎಲ್ಲಿ? ಮುಟ್ಟಿ ತೋರ್ಸು" ಎಂದು ಓದಿದೆ. ಔರಾದ ಭಾಗದ ಎಲ್ಲ ಟ್ಯಾಬುಗಳಲ್ಲಿ ನನ್ನ ದನಿ ಬಂತು.

ಆ ವಾರವೇ ಊರಿನ ಅರ್ಧ ಜನ ಕಬ್ಬು ಕಡಿಯಲು ಟ್ರ್ಯಾಕ್ಟರ್ ಹತ್ತಿ ಗಡಿಯಾಚೆ ಹೋದರು. ಗಂಡ ಹೆಂಡತಿ ಜೋಡಿಯಾಗಿ ಹೋಗುವ ಕೆಲಸ ಅದು. ಮೊಲೆ ಬಿಡದ ಕೂಸುಗಳನ್ನು ಕರೆದೊಯ್ದು, ದೊಡ್ಡವನ್ನು ಮುದುಕರ ಹತ್ತಿರ ಬಿಟ್ಟಿದ್ದರು. ಹಾಗೆ ಉಳಿದವರಲ್ಲಿ ಒಬ್ಬಳು ಐದು ವರ್ಷದ ಹುಡುಗಿ. ಕುರಿ ಸಾಕುವ, ಮರಾಠಿ ಮಾತಾಡುವ ಮನೆ ಅವಳದು. ತಾಯಿ ಹೋಗಿ ನಾಲ್ಕು ದಿನವಾಗಿತ್ತು.

ನಾನು ಟ್ಯಾಬನ್ನು ಅವಳ ಮುಂದೆ ಹಿಡಿದೆ. ನನ್ನ ದನಿ ಕೇಳಿತು: "ನಿನ್ ಆಯಿ ಎಲ್ಲಿ?"

ಹುಡುಗಿ ಪರದೆ ನೋಡಲಿಲ್ಲ. ಎದ್ದಳು. ಬಾಗಿಲು ದಾಟಿ, ಅಂಗಳ ದಾಟಿ, ರಸ್ತೆಯ ಅಂಚಿಗೆ ಹೋಗಿ ನಿಂತು, ಟ್ರ್ಯಾಕ್ಟರ್ ಹೋದ ದಿಕ್ಕಿಗೆ ಕೈ ಮಾಡಿದಳು. ಊಟದ ಹೊತ್ತಿನವರೆಗೂ ಒಳಗೆ ಬರಲಿಲ್ಲ. ಟ್ಯಾಬು ಹತ್ತು ಸೆಕೆಂಡು ಕಾದು "ಪ್ರತಿಕ್ರಿಯೆ ಇಲ್ಲ" ಎಂದು ಬರೆದುಕೊಂಡಿತು. ಮುಂದಿನ ಪ್ರಶ್ನೆಗಳೆಲ್ಲ ಖಾಲಿ ಉಳಿದವು. ಮರುದಿನವೂ ಹಾಗೇ ಆಯಿತು, ಮೂರನೆಯ ದಿನವೂ. ಮೂರು ದಿನ ಖಾಲಿ ಇದ್ದರೆ ಮಗುವಿನ ಹೆಸರು ಕೆಂಪಾಗುತ್ತದೆ, ಮನೆಗೆ ಒಂದು ಕಾಗದ ಕೊಡಬೇಕು. ನಾನು ನಿಯಮ ಬಿಡದವನು. ಅವಳ ಅಜ್ಜಿ ಕುರಿಗೆ ಸೊಪ್ಪು ಹಾಕುತ್ತಿದ್ದಾಗ ಹೋಗಿ ಕಾಗದ ಕೊಟ್ಟು ಬಂದೆ. ಬಾಯಿಯವರು ಆ ವಾರವಿಡೀ ಬೀದರಿಗೆ ತರಬೇತಿಗೆ ಹೋಗಿದ್ದರು. ಇದ್ದಿದ್ದರೆ ಆ ಕಾಗದ ಅಂಗಳ ದಾಟುತ್ತಿರಲಿಲ್ಲ.

"ಮಗುವಿನ ಕಲಿಕಾ ಮಟ್ಟ ನಿರೀಕ್ಷೆಗಿಂತ ಕಡಿಮೆ ಇದೆ" ಎಂದಿತ್ತು ಅದರಲ್ಲಿ. ಮುದುಕಿಗೆ ಓದಿ ಹೇಳಿದವರು "ಪೋರಿಗಿ ತಲಿ ಇಲ್ಲ ಅಂತ ಬರ್ದಾರ" ಎಂದು ಮುಗಿಸಿದರು. ಮುದುಕಿ ಮಗನಿಗೆ ಫೋನು ಮಾಡಿಸಿದಳು. ತಲೆಯಿಲ್ಲದ ಹುಡುಗಿಗೆ ಸಾಲಿ ಯಾಕೆ, ಎಳ್ಳ ಅಮಾವಾಸ್ಯೆಗೆ ಬಂದವನು ಕರೆದುಕೊಂಡು ಹೋಗುತ್ತೇನೆ, ಕಬ್ಬಿನ ಗದ್ದೆಯ ಹತ್ತಿರ ಸಣ್ಣ ಕೂಸನ್ನಾದರೂ ನೋಡಿಕೊಂಡಿರುತ್ತಾಳೆ ಎಂದ ಅವನು.

ಬಾಯಿಯವರು ಬೀದರಿನಿಂದ ಬಂದು ಸುದ್ದಿ ತಿಳಿದು ನನ್ನನ್ನು ಕರೆಸಿದರು. ಕೂಡು ಎನ್ನಲಿಲ್ಲ. ಟ್ಯಾಬಿನಲ್ಲಿ ನನ್ನ ದನಿಯನ್ನು ಎರಡು ಸಲ ಹಾಕಿ ಕೇಳಿದರು.

"ನಿಮ್ ಮನ್ಯಾಗ ಆಯಿ ಅಂದ್ರ ಯಾರ್ರಿ?"

"ನಮ್ಮಪ್ಪನ ಅವ್ವ."

"ಅಕೀ ಮನ್ಯಾಗ ಆಯಿ ಅಂದ್ರ ಅಕೀನ್ನ ಹಡದಾಕಿ. ನೀವು ಆ ಪೋರಿಗಿ ನಿಮ್ಮವ್ವ ಎಲ್ಲಿ ಅಂತ ಕೇಳೀರಿ. ಅಕೀ ಹೊರಗ ಹೋಗಿ ತೋರ್ಸ್ಯಾಳ. ಇನ್ನ ಹ್ಯಾಂಗ ತೋರ್ಸಬೇಕ್ರಿ? ಮೂರು ದಿನ ಕೇಳೀರಿ, ಮೂರು ದಿನ ತೋರ್ಸ್ಯಾಳ. ತಲಿ ಯಾರಿಗಿಲ್ರಿ?"

ನನಗೆ ಆಗ ಹೊಳೆದದ್ದು ಇನ್ನೂ ಕೆಟ್ಟದ್ದು. ಆ ಹುಡುಗಿ ಅಜ್ಜಿಗೆ ಆಜಿ ಎನ್ನುತ್ತಾಳೆ. ಜೇನು ಕುಡಿದ ಹುಡುಗಿಯ "ಅಜ್ಜಿ"ಯನ್ನು ಇದ್ದ ಹಾಗೇ ಬಿಟ್ಟಿದ್ದರೆ ಅವಳು ಬಿಳಿ ಕೂದಲನ್ನು ಮುಟ್ಟಿ ಮುಂದಿನ ಪ್ರಶ್ನೆಗೆ ಹೋಗುತ್ತಿದ್ದಳು. ನಮ್ಮ ಮಾತು, ನಮ್ಮ ನೆಲ ಎಂದು ಮೀಟಿಂಗಿನಲ್ಲಿ ಎದೆ ತಟ್ಟಿಕೊಂಡ ಭಾಲ್ಕಿಯ ಪಂಡಿತ ಕೆಡಿಸಿದ್ದು ಅದನ್ನು.

"ಕೆಂಪ್ ತೆಗೀರಿ" ಎಂದರು.

ಹಾಗೆಲ್ಲ ತೆಗೆಯಲು ಬರುವುದಿಲ್ಲ, ಮನೆಯವರ ಎದುರಿಗೆ ಮರುಪರೀಕ್ಷೆ ಆಗಬೇಕು, ಅದೂ ಒಂದೇ ಸಲ ಎಂದು ವಿವರಿಸಿದೆ. ಅವರು ನನ್ನನ್ನು ಸತ್ತ ಇಲಿಯನ್ನು ನೋಡಿದಂತೆ ನೋಡಿದರು.

ಅಮಾವಾಸ್ಯೆಯ ಮರುದಿನ ಮುಂಜಾನೆ ಹುಡುಗಿಯ ಅಪ್ಪ ಅಂಗನವಾಡಿಗೆ ಬಂದ. ಹತ್ತು ಗಂಟೆಗೆ ಗಾಡಿ ಹೊರಡುವುದಿತ್ತು. ಹುಡುಗಿಯ ಎರಡು ಫ್ರಾಕು ಕಟ್ಟಿದ ಗಂಟು ಆಗಲೇ ಅವನ ಕೈಯಲ್ಲಿತ್ತು. ಬಾಯಿಯವರು ಅವನನ್ನೂ ಮುದುಕಿಯನ್ನೂ ಚಾಪೆಯ ಮೇಲೆ ಕೂಡಿಸಿ, ಹುಡುಗಿಯ ಮುಂದೆ ಮೊರ ಇಟ್ಟು ಡಬ್ಬಿ ಬೋರಲು ಹಾಕಿದರು. ಹುಡುಗಿ ಜೋಳ, ತೊಗರಿ, ಕುಸುಬಿ, ಹುಣಸೆ ಬೀಜ ಎಲ್ಲ ಬೇರೆ ಮಾಡಿದಳು. ಮಣ್ಣು ಕೊಟ್ಟರು. ಅವಳು ರೊಟ್ಟಿ ತಟ್ಟಿ ಮನೆಯವರ ಲೆಕ್ಕಕ್ಕೆ ಐದು ಮಾಡಿ, ಒಂದನ್ನು ದೂರ ಇಟ್ಟಳು.

"ಅದು ಯಾರದು?" ಎಂದರು ಬಾಯಿಯವರು.

"ಆಯೀಚಿ" ಎಂದಳು ಹುಡುಗಿ. ಅವ್ವನದು.

ಅಪ್ಪ ತಲೆ ಕೆಳಗೆ ಹಾಕಿದ. ಆದರೂ, "ನೀವ್ ಹೇಳೋದು ಖರೇ ಅದ್ರಿ ಬಾಯಿ. ಆದ್ರ ಮಶೀನ್ದಾಗ ಬಂದದಲ್ರಿ, ಕಾಗದ ಕೊಟ್ಟಾರಲ್ರಿ" ಎಂದ. ಎರಡು ವರ್ಷದಿಂದ ಮಗುವನ್ನು ದಿನಾ ನೋಡಿದ ಹೆಂಗಸಿನ ಮಾತಿಗಿಂತ, ಹತ್ತು ಸೆಕೆಂಡು ಕಾದ ಟ್ಯಾಬಿನ ಮಾತು ಹೆಚ್ಚು. ಅವನನ್ನು ಏಕೆ ಬೈಯಲಿ, ಹಾಗೆ ನಂಬಿಸಲೆಂದೇ ನಮಗೆ ಸಂಬಳ ಕೊಡುತ್ತಿದ್ದರು.

ಬಾಯಿಯವರು ಟ್ಯಾಬು ತರಿಸಿದರು. "ನಿಮ್ ದನಿ ತೆಗೀರಿ. ನಾ ಹೇಳ್ತೇನಿ" ಎಂದರು.

ಅಜ್ಜಿ ಅಂತ ಹಾಕಿದರಾಯಿತಲ್ಲ ಎಂದೆ.

"ಅಕೀಗಿ ಆಜಿ, ಪಕ್ಕದ್ ಮನಿಗಿ ಆಯಿ, ಅದರಾಚಿ ಮನಿಗಿ ಅಮ್ಮ. ಎಷ್ಟ್ ಹೆಸರ ಹಾಕ್ತೀರಿ? ಹೆಸರ ಕೇಳಬ್ಯಾಡ್ರಿ. ಕೆಲಸ ಕೇಳ್ರಿ."

ಫೋನು ಹಿಡಿದೆ. ಅವರು ಗಂಟಲು ಸರಿಮಾಡಿಕೊಳ್ಳಲೂ ಇಲ್ಲ. ಆಯಾಳನ್ನು ಬೈಯುವ ದನಿಯಲ್ಲೇ ಹೇಳಿದರು: "ನಿನಗ ರೊಟ್ಟಿ ಯಾರು ಬಡದು ಕೊಡ್ತಾರ? ಮುಟ್ಟು."

ಅದನ್ನು ಟ್ಯಾಬಿಗೆ ಹಾಕಿ ಹುಡುಗಿಯ ಮುಂದೆ ಹಿಡಿದೆ. ಹೊರಗೆ ಗಾಡಿ ಹಾರನ್ ಹೊಡೆಯಿತು. ಹುಡುಗಿ ರಸ್ತೆಯ ಕಡೆ ನೋಡಿದಳು. ಎದ್ದು ಹೋದರೆ ಮುಗಿಯಿತು. ಟ್ಯಾಬಿನೊಳಗಿಂದ ಬಾಯಿಯವರ ದನಿ ಇನ್ನೊಮ್ಮೆ ಗದರಿತು. ಅವಳು ತಿರುಗಿ, ಚಾಪೆಯ ಮೇಲಿದ್ದ ಆಜಿಯನ್ನು ಮುಟ್ಟಿದಳು. "ಅಲ್ಲ, ಇದ್ರಾಗ" ಎಂದು ಟ್ಯಾಬು ಚಾಚಿದೆ. ಬಿಳಿ ಕೂದಲಿನ ಚಿತ್ರದ ಮೇಲೆ ಮಣ್ಣಿನ ಬೆರಳಿಟ್ಟಳು. ಟಿಂಗ್ ಎಂದಿತು. ಉಳಿದ ಪ್ರಶ್ನೆಗಳನ್ನು ಕೂತಲ್ಲೇ ಮುಗಿಸಿದಳು. ಹೆಸರು ಹಸಿರಾಯಿತು.

"ನಿನ್ನಿ ತನಕ ತಲಿ ಇದ್ದಿಲ್ಲ, ಇವತ್ತ ಬಂತು ನೋಡಪ್ಪ" ಎಂದರು ಬಾಯಿಯವರು ಅಪ್ಪನಿಗೆ. ಅವನು ಗಂಟನ್ನು ಮುದುಕಿಯ ಮಡಿಲಿಗಿಟ್ಟು, ಮಗಳ ತಲೆಯ ಮೇಲೆ ಕೈಯಾಡಿಸಿ ಗಾಡಿ ಹತ್ತಿದ.

ನಾನು ಹೊರಡುವಾಗ ಬಾಯಿಯವರು ಹಿಂದಿನಿಂದ ಕರೆದರು. ಏನೋ ಒಳ್ಳೆಯ ಮಾತು ಎಂದುಕೊಂಡೆ. "ಮುಂದಿನ ವರ್ಷ ಮಳಿ ಆತಂದ್ರ ಆ ಪ್ರಶ್ನಿ ಬದಲ್ ಮಾಡ್ಬೇಕ್ರಿ ಸರ್. ಆವಾಗ ರೊಟ್ಟಿ ಅವ್ವನೇ ಬಡಿತಾಳ. ಮರೀಬ್ಯಾಡ್ರಿ, ನಿಮಗ ಮರಿಯೋ ಚಟ ಭಾಳ ಅದ" ಎಂದರು.

ಮಳೆ ಬರುವಷ್ಟರಲ್ಲಿ ಸಂಸ್ಥೆ ಬೇರೆ ಜಿಲ್ಲೆಗೆ ಹಾರಿತ್ತು. ಟ್ಯಾಬಿನ ಬ್ಯಾಟರಿ ಸತ್ತ ಮೇಲೆ ಬಾಯಿಯವರು ಅದನ್ನು ಬೇಳೆಯ ಪಾತ್ರೆಗೆ ಮುಚ್ಚಳ ಮಾಡಿದ್ದಾರೆಂದು ಕೇಳಿ ಸಮಾಧಾನವಾಯಿತು. ನಾನು ಪರೀಕ್ಷೆ ಬರೆದು ಬೀದರ ತಾಲೂಕಿನಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರನಾದೆ. ಪ್ರತಿ ವರ್ಷ ಮೊದಲ ದಿನ ಮಕ್ಕಳಿಗೆ ಏನನ್ನೂ ಕಲಿಸುವುದಿಲ್ಲ. ಮನೆಯಲ್ಲಿ ಯಾರ್ಯಾರಿದ್ದಾರೆ, ಯಾರನ್ನು ಏನೆಂದು ಕರೆಯುತ್ತೀರಿ, ಈಗ ಅವರು ಎಲ್ಲಿದ್ದಾರೆ ಎಂದು ಒಬ್ಬೊಬ್ಬರನ್ನೂ ಕೇಳಿ ಬರೆದುಕೊಳ್ಳುತ್ತೇನೆ. ನನಗೆ ಬರುವ ಶಿಕ್ಷಣಶಾಸ್ತ್ರ ಇಷ್ಟೇ. ಅದನ್ನು ಕಲಿಸಿದವರಿಗೆ ಒಂದು ದಿನವೂ ಹೋಗಿ ಹೇಳಲಿಲ್ಲ, ನಾಚಿಕೆ ಬಿಡಲಿಲ್ಲ.

ಹೋದ ಬೇಸಿಗೆಯಲ್ಲಿ ಅವರು ತೀರಿಕೊಂಡ ಸುದ್ದಿ ಬಂತು. ಹೋದೆ. ಬುದ್ಧನ ಫೋಟೋದ ಮುಂದೆ ಮೇಣದ ಬತ್ತಿ ಉರಿಯುತ್ತಿತ್ತು. ಬಿಳಿ ಸೀರೆ ಉಡಿಸಿ, ಕೈಗಳನ್ನು ಎದೆಯ ಮೇಲೆ ಇಟ್ಟಿದ್ದರು. ತೋರುಬೆರಳಿನ ಬಿರುಕಿನಲ್ಲಿ ಮಣ್ಣು ಇನ್ನೂ ಇತ್ತು, ತೊಳೆದವರಿಗೂ ಬಿಟ್ಟಿರಲಿಲ್ಲ. ನಾನು ಕಾಲು ಮುಟ್ಟಿ ಗೋಡೆಗೆ ಸರಿದು ನಿಂತೆ.

ಹೈಸ್ಕೂಲಿನ ಸಮವಸ್ತ್ರದ ಹುಡುಗಿಯೊಬ್ಬಳು ಬಂದವರಿಗೆಲ್ಲ ನೀರು ಕೊಡುತ್ತಿದ್ದಳು. ನನಗೂ ಕೊಟ್ಟಳು. ಎಲ್ಲಿಂದ ಬಂದಿರಿ ಎಂದು ಕೇಳಿದಳು. ಹಿಂದೆ ಇಲ್ಲಿಗೆ ಟ್ಯಾಬು ತರುತ್ತಿದ್ದೆ ಎಂದೆ. ಅವಳು ಲೋಟ ವಾಪಸ್ಸು ತೆಗೆದುಕೊಳ್ಳದೆ ನನ್ನನ್ನೇ ನೋಡಿದಳು.

"ಬಾಯಿ ಪ್ರತಿ ವರ್ಷ ಎಲ್ಲಾ ಹುಡುಗ್ರಿಗಿ ಕಥಿ ಹೇಳಿ ನಗಸ್ತಿದ್ರು. ಆಯಿ ಎಲ್ಲಿ ಅಂತ ಕೇಳಿದ ಸರ್ ಅಂದ್ರ ನೀವೇನ್ರಿ?"

"ಹೌದವ್ವ" ಎಂದೆ. "ನಾನೇ."