ಕುದುರೆಗಾಡಿ ಜನರ ಕಥೆ ಓದುತ್ತಿದ್ದ ಚೇಚಿ

ಬಾಯಲ್ಲಿ ನಾಲ್ಕೈದು ಗುಂಡುಸೂಜಿ ಕಚ್ಚಿಕೊಂಡೇ ಅವರು ಓದುತ್ತಿದ್ದರು. ಹೊಲಿಗೆ ಮಿಷನ್ನಿನ ಮೇಲೆ ದಪ್ಪನೆಯ ಇಂಗ್ಲಿಷ್ ಕಾದಂಬರಿ ಬಿಚ್ಚಿಟ್ಟು, ಪುಟ ಮಗುಚದಂತೆ ಮೇಲೊಂದು ಕತ್ತರಿ ಹೇರಿ, ಯಾರದೋ ರವಿಕೆಗೆ ಹುಕ್ಕು ಹಾಕುತ್ತ ಓದುವುದು. ಕಥೆಯಲ್ಲಿ ದುಃಖದ ಜಾಗ ಬಂದರೆ ತುಟಿ ಬಿಗಿಯುತ್ತಿತ್ತು, ಸೂಜಿಗಳ ತಲೆಗಳೆಲ್ಲ ಒಟ್ಟಿಗೆ ಮೇಲೇಳುತ್ತಿದ್ದವು. ನುಂಗಿಬಿಟ್ಟರೆ ಏನು ಗತಿ ಎಂದು ನನಗೆ ಭಯ.

ಕೊಪ್ಪದ ಬಸ್‌ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಅವರ ಟೈಲರ್ ಅಂಗಡಿ. ಎಲ್ಲರೂ ಚೇಚಿ ಎನ್ನುತ್ತಿದ್ದರು. ಮಲೆಯಾಳದಲ್ಲಿ ಅಕ್ಕ ಎಂದರ್ಥ. ನರಸಿಂಹರಾಜಪುರದ ಕಡೆ ರಬ್ಬರ್ ಬೆಳೆಯುವ ಕ್ರೈಸ್ತ ಮನೆತನದ ಮಗಳು. ಕೊಪ್ಪದ ಒಬ್ಬ ಹಿಂದೂ ಬಸ್ ಡ್ರೈವರನ್ನು ಮೆಚ್ಚಿ ಮದುವೆಯಾಗಿ ಬಂದಿದ್ದರು. ಚರ್ಚಿನವರು ಏನೂ ಹೇಳಿರಲಿಲ್ಲವಂತೆ. ಹೇಳಿದ್ದು ಅಪ್ಪ: "ಈ ಮನೆ ಮೆಟ್ಟಿಲು ಇನ್ನು ಹತ್ತಬೇಡ." ಐದು ವರ್ಷಕ್ಕೆ ಗಂಡ ಕಾಮಾಲೆಯಲ್ಲಿ ತೀರಿಕೊಂಡರು. ಮಕ್ಕಳಿರಲಿಲ್ಲ. ಅಪ್ಪನ ಮಾತು ಮಾತ್ರ ಹಾಗೇ ಉಳಿದಿತ್ತು.

ನಾನು ಅವರ ಅಂಗಡಿ ಹತ್ತಿದ್ದು ಎರಡು ಸಾವಿರದ ಇಸವಿ ಕಳೆದು ಮೂರ್ನಾಲ್ಕು ವರ್ಷಕ್ಕೆ. ನಾನು ಹಿರೇಕೊಡಿಗೆಯವಳು. ಬೇರೆ ಜಾತಿಯವನೊಬ್ಬನ ಜೊತೆ ಮನೆ ಬಿಟ್ಟು ಹೋಗಿ ಬಾಳೆಹೊನ್ನೂರಿನಲ್ಲಿ ಬಾಡಿಗೆ ರೂಮಿನಲ್ಲಿದ್ದೆ. ಮಂಗಳೂರಿನಲ್ಲಿ ಕೆಲಸ ನೋಡಿಕೊಂಡು ಬರುತ್ತೇನೆಂದು ಹೋದವನು ತಿರುಗಿ ಬರಲೇ ಇಲ್ಲ. ಊರಿನಲ್ಲಿ ಅಪ್ಪ, ಮಗಳು ಸತ್ತಳು ಎಂದು ತಲೆಗೆ ನೀರು ಹಾಕಿಕೊಂಡಾಗಿತ್ತು. ಅವತ್ತು ಕೊಪ್ಪದಲ್ಲಿ ಇಳಿದವಳ ಕಣ್ಣೆದುರೇ ನಮ್ಮೂರಿನ ಬಸ್ಸು ಎರಡು ಸಲ ಹೊರಟುಹೋಯಿತು. ಹತ್ತಲು ಧೈರ್ಯವಾಗಲಿಲ್ಲ. ತುಂಗೆಯ ಕಡೆಗೆ ಯಾವ ಬಸ್ಸು ಹೋಗುತ್ತದೆ ಎಂದು ಮನಸ್ಸು ಲೆಕ್ಕ ಹಾಕುತ್ತಿತ್ತು. ಸಾಯುವವಳಿಗೂ ನಾಚಿಕೆ ಬಿಡುವುದಿಲ್ಲ. ರವಿಕೆ ಕಂಕುಳ ಹತ್ತಿರ ಬಿಟ್ಟುಕೊಂಡಿತ್ತು, ಸೆರಗು ಎಳೆದೆಳೆದು ಸಾಕಾಗಿತ್ತು. ಒಂದು ಹೊಲಿಗೆ ಹಾಕಿಸೋಣ ಎಂದು ಅಂಗಡಿಯೊಳಗೆ ಹೋದೆ.

ಚೇಚಿ ಟೇಪು ಹಿಡಿದು ಅಳತೆ ತೆಗೆದರು. ಎದೆಯಿಂದ ಸೊಂಟಕ್ಕೆ ಇಳಿದ ಕೈ ಅಲ್ಲೇ ನಿಂತಿತು.

"ಎಷ್ಟು ತಿಂಗಳು?"

"ಐದು."

"ಮನೇಲಿ ಗೊತ್ತಾ?"

ನಾನು ಸೆರಗನ್ನು ಹೊಟ್ಟೆಯ ಮೇಲೆ ಎಳೆದುಕೊಂಡೆ. ಅವರು ಬಾಯಿಯ ಸೂಜಿಗಳನ್ನು ಒಂದೊಂದಾಗಿ ತೆಗೆದು ಹೊಲಿಯುತ್ತಿದ್ದ ಬಟ್ಟೆಗೆ ಚುಚ್ಚಿಟ್ಟರು. "ಊಟ ಆಗಿದ್ಯಾ ಮೋಳೇ?" ಎಂದರು. ಮೋಳೇ ಎಂದರೆ ಮಗಳೇ ಎಂದು ಆಗ ನನಗೆ ತಿಳಿಯದು. ಆದರೂ ಅಷ್ಟು ದಿನದಲ್ಲಿ ಯಾರೂ ಕೇಳದ ಪ್ರಶ್ನೆ ಅದು. ಅವತ್ತಿನಿಂದ ಅಂಗಡಿಯ ಹಿಂದಿನ ಕೋಣೆ ನನ್ನದೂ ಆಯಿತು.

ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿಗೆ ಅವರು ಓದಿದ ಕಥೆಯನ್ನು ಕನ್ನಡದಲ್ಲಿ ಹೇಳುತ್ತಿದ್ದರು. ಪುಸ್ತಕಗಳೆಲ್ಲ ಅಮೆರಿಕದಲ್ಲಿ ನರ್ಸ್ ಆಗಿದ್ದ ಅವರ ತಂಗಿ ಕಳಿಸಿದ್ದು. ಮನೆಯವರ ಕಣ್ಣು ತಪ್ಪಿಸಿ ಅಕ್ಕನಿಗೆ ಪಾರ್ಸೆಲ್ ಕಳಿಸುತ್ತಿದ್ದ ಒಬ್ಬಳೇ ತಂಗಿ. ಕೆಲವು ಬರೀ ಪ್ರಾರ್ಥನೆ, ಪ್ರೀತಿ, ಕೊನೆಗೆ ಮದುವೆ. ಚೇಚಿಗೆ ಪ್ರಾಣವಾಗಿದ್ದವು ಆಮಿಶ್ ಎಂಬ ಅಲ್ಲಿನ ಕ್ರೈಸ್ತ ಪಂಗಡದ ಜನರ ಕಥೆಗಳು. ಅವರನ್ನು "ಕುದುರೆಗಾಡಿ ಜನ" ಎನ್ನುತ್ತಿದ್ದರು. ಕಾರಿಲ್ಲ, ಟಿವಿ ಇಲ್ಲ, ಮನೆಯಲ್ಲಿ ಕರೆಂಟಿಲ್ಲ, ಹೆಂಗಸರ ತಲೆಗೆ ಬಿಳಿ ಟೋಪಿ.

"ಅಮೆರಿಕದಲ್ಲೂ ಕರೆಂಟ್ ಇಲ್ದಿರೋ ಮನೆ ಉಂಟಾ ಚೇಚಿ? ಸುಳ್ಳು."

"ಬೇಡ ಅಂತ ಅವರೇ ಹಾಕಿಸಿಕೊಂಡಿಲ್ಲ ಮಾರಾಯ್ತಿ. ನಮಗೆ ಬೇಕು ಅಂದ್ರೂ ಇರಲ್ಲ, ಅಷ್ಟೇ ವ್ಯತ್ಯಾಸ."

ಆ ಕಥೆಗಳಲ್ಲಿ ಮಾತು ಮೀರಿ ಹೋದ ಮಗಳನ್ನು ಯಾರೂ ಹೊಡೆಯುವುದಿಲ್ಲ, ಬೈಯುವುದಿಲ್ಲ. ಅವಳ ಜೊತೆ ಕೂತು ಉಣ್ಣುವುದಿಲ್ಲ. ಅವಳಿಗೆ ಬೇರೆ ಮೇಜು. ಆದರೆ ಕೊನೆಯ ಹತ್ತಿಪ್ಪತ್ತು ಪುಟದಲ್ಲಿ ಗಡ್ಡದ ಅಪ್ಪ ಬೆಂಚಿನಲ್ಲಿ ಸರಿದು ಕೂತು ಜಾಗ ಮಾಡಿಕೊಡುತ್ತಾನೆ. ಚೇಚಿ ಮೊದಲು ಆ ಪುಟಗಳನ್ನೇ ಓದಿ, ಖಾತ್ರಿ ಮಾಡಿಕೊಂಡು, ಆಮೇಲೆ ಮೊದಲಿನಿಂದ ಶುರು ಮಾಡುತ್ತಿದ್ದರು. "ಅಪ್ಪಂದಿರು ಇಷ್ಟು ಬೇಗ ಕರಗಲ್ಲ, ಬರೆದವರಿಗೆ ಗೊತ್ತಿಲ್ಲ" ಎಂದು ಬೈದು ಪುಸ್ತಕ ಮುಚ್ಚುತ್ತಿದ್ದರು. ಮರುದಿನ ಇನ್ನೊಂದು ತೆರೆಯುತ್ತಿದ್ದರು.

ನನಗೆ ಏಳು ತಿಂಗಳಾಗಿದ್ದಾಗ ಬಂದ ಪಾರ್ಸೆಲ್ಲಿನಲ್ಲಿ ಪುಸ್ತಕದ ಜೊತೆ ಒಂದು ಚೀಟಿ ಇತ್ತು. ಅಪ್ಪ ಹಾಸಿಗೆ ಹಿಡಿದಿದ್ದಾರೆ, ಹೋಗಿ ನೋಡು ಎಂದು ತಂಗಿ ಬರೆದಿದ್ದಳು. ಚೇಚಿ ಅಂಗಡಿ ಮುಚ್ಚಿದರು. ಒಬ್ಬರೇ ಹೋಗುವುದು ಬೇಡ ಎಂದು ನಾನೂ ಹೊರಟೆ.

ಅವರ ತವರಿನ ಅಂಗಳದಲ್ಲಿ ರಬ್ಬರ್ ಶೀಟುಗಳು ಬಟ್ಟೆಯ ಹಾಗೆ ಒಣಗುತ್ತಿದ್ದವು. ಅವರ ಅಣ್ಣ ಗೇಟಿನ ಹತ್ತಿರ ಬಂದು ಮಲೆಯಾಳದಲ್ಲಿ ಏನೋ ಹೇಳಿದರು. ನನಗೆ ಅರ್ಥವಾಗಬೇಕಾಗಿಯೇ ಇರಲಿಲ್ಲ. ಗೇಟಿನ ಚಿಲಕದ ಮೇಲಿಂದ ಅವರ ಕೈ ಕದಲಲಿಲ್ಲ. ಬಿಸಿಲು ನೆತ್ತಿಗೆ ಬಂದರೂ ಚೇಚಿ ನಿಂತೇ ಇದ್ದರು. ಕೊನೆಗೆ ಅವರ ತಾಯಿ ಒಳಗಿನಿಂದ ಒಂದು ಲೋಟ ನೀರು ತಂದರು. ಮಗಳ ಕೈಗೆ ಕೊಡಲಿಲ್ಲ. ಗೇಟಿನ ಕಂಬದ ಮೇಲಿಟ್ಟು, ಮುಖ ಮುಚ್ಚಿಕೊಂಡು ಒಳಗೆ ಹೋದರು. ಚೇಚಿ ಅರ್ಧ ನನಗೆ ಕುಡಿಸಿ, ಅರ್ಧ ತಾವು ಕುಡಿದು, ಲೋಟವನ್ನು ಸೆರಗಿನಿಂದ ಒರೆಸಿ ಅಲ್ಲೇ ಇಟ್ಟರು.

ವಾಪಸ್ ಬರುವ ಬಸ್ಸಿನಲ್ಲಿ ಚೇಚಿ ಹೇಳಿದ್ದು ಒಂದೇ ಮಾತು: "ಪುಸ್ತಕದಲ್ಲಿ ಈ ಜಾಗದಲ್ಲಿ ಬಾಗಿಲು ತೆಗೀತಾರೆ."

ನನಗೆ ಹೆಣ್ಣು ಮಗು ಹುಟ್ಟಿತು. ಆಸ್ಪತ್ರೆಯಲ್ಲಿ ಮಗುವನ್ನು ಮೊದಲು ಎತ್ತಿಕೊಂಡವರು ಚೇಚಿ. ಆಮೇಲೊಂದು ದಿನ ಪರಿಚಯವಿಲ್ಲದ ಹೆಂಗಸೊಬ್ಬರು ಬಿಳಿ ಬಟ್ಟೆ ತಂದು ಅವಸರದಲ್ಲಿ ರವಿಕೆ ಹೊಲಿಯಬೇಕು ಎಂದರು. ಸಂಬಂಧಿಕರ ಮನೆಯಲ್ಲಿ ಸತ್ತವರ ನಲವತ್ತೊಂದನೇ ದಿನದ ಪ್ರಾರ್ಥನೆಯಂತೆ. ಯಾರ ಮನೆ ಎಂದು ಚೇಚಿ ಸುಮ್ಮನೆ ಮಾತಿಗೆ ಕೇಳಿದರು. ಆ ಹೆಂಗಸು ಹೇಳಿದ್ದು ಚೇಚಿಯ ಅಪ್ಪನ ಹೆಸರು. ಸತ್ತ ಸುದ್ದಿಯನ್ನೂ ಮನೆಯವರು ಮುಟ್ಟಿಸಿರಲಿಲ್ಲ. ಚೇಚಿ ಅಳತೆ ಬರೆದುಕೊಂಡರು. ರವಿಕೆಯನ್ನು ಅವತ್ತೇ ಹೊಲಿದು, ಇಸ್ತ್ರಿ ಮಾಡಿ ಕೊಟ್ಟರು.

ಆಮೇಲೆ ಓದಲಿಲ್ಲ. ಪುಸ್ತಕಗಳನ್ನೆಲ್ಲ ಹಳೇ ಸೀರೆಯಲ್ಲಿ ಗಂಟು ಕಟ್ಟಿ ಅಟ್ಟಕ್ಕೆ ಹಾಕಿದರು. ಮಗು ಅತ್ತರೂ ಕೇಳಿಸದವರ ಹಾಗೆ ಕೂರುತ್ತಿದ್ದರು. ಹೀಗೇ ಇದ್ದರೆ ಇವರೂ ಉಳಿಯುವುದಿಲ್ಲ ಎಂದು ನಾನು ಹೆದರಿದೆ. ಹದಿನೈದು ದಿನ ಕಳೆದಿರಬಹುದು. ಒಂದು ಬೆಳಗ್ಗೆ ಮಗುವಿಗೆ ಹೊಸ ಫ್ರಾಕು ಹಾಕಿ ಎತ್ತಿಕೊಂಡರು. "ನಡಿ ಹಿರೇಕೊಡಿಗೆಗೆ" ಎಂದರು.

"ಬೇಡ ಚೇಚಿ. ಅಪ್ಪ ಬಿಡಲ್ಲ."

"ಬಿಡದಿದ್ರೆ ವಾಪಸ್ ಬರಾಣ. ದಾರಿ ಗೊತ್ತುಂಟಲ್ಲ."

ಅಪ್ಪ ಜಗಲಿಯಲ್ಲಿ ಕೂತು ಗುದ್ದಲಿಗೆ ಕಾವು ಕೂರಿಸುತ್ತಿದ್ದರು. ನನ್ನನ್ನು ನೋಡಿದವರು ತಲೆ ತಗ್ಗಿಸಿ ಕೆಲಸ ಮುಂದುವರಿಸಿದರು. "ನನಗೆ ಮಗಳಿಲ್ಲ. ಯಾರನ್ನೋ ಕರ್ಕಂಡು ಬರಬೇಡಿ" ಎಂದರು.

ಚೇಚಿ ಅಂಗಳದಲ್ಲೇ ನಿಂತು ಹೇಳಿದರು: "ನಾನೂ ಒಬ್ರ ಮಗಳು. ನಮ್ಮಪ್ಪನೂ ಹೀಗೇ ಹೇಳಿದ್ರು. ಈಗ ಹೋಗ್ಬಿಟ್ರು. ಇನ್ನು ಅವರಿಗೆ ಮನಸ್ಸಾದ್ರೂ ನನ್ನ ಕರೆಯಕ್ಕಾಗಲ್ಲ. ನಿಮಗಿನ್ನೂ ಆಗ್ತದೆ."

ಗುದ್ದಲಿಯ ಸದ್ದು ನಿಂತಿತು. ಒಳಬಾಗಿಲಲ್ಲಿ ಅಮ್ಮ ಸೆರಗು ಕಚ್ಚಿಕೊಂಡು ಅಳುತ್ತಿದ್ದರು. ಕೊನೆಗೆ ಅಪ್ಪ ಯಾರನ್ನೂ ನೋಡದೆ ಅಮ್ಮನಿಗೆ ಹೇಳಿದರು: "ಮಗೂಗೆ ಬಿಸಿಲು ಬೀಳ್ತಾ ಇದೆ. ಒಳಗೆ ಕರ್ಕ."

ಚೇಚಿಯ ಕೈಯಿಂದ ಮಗುವನ್ನು ಎತ್ತಿಕೊಂಡು ನಾನು ಒಳಗೆ ಓಡಿದೆ. ಅಮ್ಮನನ್ನು ತಬ್ಬಿಕೊಂಡು ಅತ್ತೆ. ಚೇಚಿಯ ನೆನಪಾಗಿ ಹೊರಗೆ ಬಂದಾಗ ಅಂಗಳ ಖಾಲಿ. ಒಂದು ಲೋಟ ನೀರನ್ನೂ ನಾವು ಕೊಟ್ಟಿರಲಿಲ್ಲ. ಅಪ್ಪ ರಸ್ತೆ ತನಕ ಹೋಗಿ ನೋಡಿ ಬಂದರು. ಬಸ್ಸು ಹೋಗಿಯಾಗಿತ್ತು.

ನಾಲ್ಕು ವರ್ಷದ ಮೇಲೆ ಚೇಚಿಗೆ ಕ್ಯಾನ್ಸರ್ ಎಂದರು. ಶಿವಮೊಗ್ಗದ ಆಸ್ಪತ್ರೆಯಲ್ಲಿ ನಾನೇ ಜೊತೆಗಿದ್ದೆ. ಎದೆಯೊಳಗೆ ಕೊಳೆಯುತ್ತಿದ್ದ ಮಾತನ್ನು ಒಂದು ದಿನ ಹೇಳಿಬಿಟ್ಟೆ. "ಅವತ್ತು ನಿಮ್ಮನ್ನ ಒಳಗೆ ಕರೀಲಿಲ್ಲ ಚೇಚಿ."

"ಕರೆದಿದ್ರೂ ಬರ್ತಿರಲಿಲ್ಲ" ಎಂದರು. ಹೊದಿಕೆ ಸರಿಮಾಡಿಕೊಂಡು, "ಸುಳ್ಳು ಹೇಳ್ದೆ. ಬರ್ತಿದ್ದೆ" ಎಂದರು. ಆ ಮಾತು ಇವತ್ತಿಗೂ ನನ್ನನ್ನು ಮಲಗಲು ಬಿಡುವುದಿಲ್ಲ.

ಅವರು ತೀರಿಕೊಂಡ ದಿನ ಅವರ ಮನೆಗೆ ನಾನೇ ಫೋನ್ ಮಾಡಿದೆ. ವಿಷಯ ಕೇಳಿಸಿಕೊಂಡು ಇಟ್ಟರು. ತಂಗಿಗೆ ರಜೆ ಸಿಗಲಿಲ್ಲ. ಕೊಪ್ಪದ ಪಾದ್ರಿಗಳು ಕರುಣೆಯಿಂದ ಸಮಾಧಿಗೆ ಜಾಗ ಕೊಟ್ಟರು. ಅವರ ಮನೆಯವರು ಬರಲೆಂದು ಮಧ್ಯಾಹ್ನ ಮೂರರವರೆಗೆ ಕಾದೆವು. ಮೊದಲ ಹಿಡಿ ಮಣ್ಣು ಹಾಕುವ ಸಂಬಂಧಿಕರು ಯಾರು ಎಂದು ಪಾದ್ರಿಗಳು ಕೇಳಿದರು. ಹಿಂದೆ ನಿಂತಿದ್ದ ಅಪ್ಪ ನನ್ನ ಬೆನ್ನಿಗೆ ಕೈಯಿಟ್ಟು, "ಹೋಗು, ನೀನೇ ಹಾಕು" ಎಂದರು. ಹಾಕಿದೆ.

ಎಲ್ಲರೂ ಹೋದ ಮೇಲೂ ಅಪ್ಪ ಹೊರಡಲಿಲ್ಲ. ಚೇಚಿಯ ಕಡೆಯವರು ತಡವಾಗಿಯಾದರೂ ಬರಬಹುದು ಎಂದು, ನರಸಿಂಹರಾಜಪುರದಿಂದ ಬರುವ ರಸ್ತೆಯ ಕಡೆಗೆ ಮುಖ ಮಾಡಿ ನಿಂತರು. ಎರಡು ಬಸ್ಸು ಬಂದವು. ಇಳಿದವರಲ್ಲಿ ಯಾರೂ ನಮ್ಮ ಕಡೆ ತಿರುಗಲಿಲ್ಲ.